ಮಹಡಿಯ ಹುಡುಗರು

ಹುಬ್ಬಳ್ಳಿ ದುಡಿಯುವ ಊರು, ಧಾರವಾಡ ಓದುವ ಊರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಡುವಣ ಹಾದಿ ಇಪ್ಪತ್ತು ಕಿಲೋಮೀಟರಿನದು. 1962ರಲ್ಲಿ ಎರಡೂ ಊರುಗಳಿಗೆ ಸೇರಿ ಒಂದೇ ಪಾಲಿಕೆಯಾದ ಮೇಲೂ ಈ ಮಾತು ಅಳಿಯಲಿಲ್ಲ. ಅರಳೆಯ ಅಂಗಡಿ, ಗಿರಣಿಯ ಭೋಂಗಾ, ರೇಲ್ವೆ ವರ್ಕಶಾಪು ಹುಬ್ಬಳ್ಳಿಯ ಪಾಲಿಗೆ. ಕಾಲೇಜು, ಕವಿಗೋಷ್ಠಿ, ಸಂಗೀತ, ಪೇಢೆ ಧಾರವಾಡದ ಪಾಲಿಗೆ. ಅಣ್ಣತಮ್ಮಂದಿರು ಮನೆ ಹಂಚಿಕೊಂಡಂತೆ ಊರುಗಳು ಗುಣಗಳನ್ನು ಹಂಚಿಕೊಂಡಿದ್ದವು. ಈಚಿನ ಇಪ್ಪತ್ತೈದು ವರ್ಷಗಳಲ್ಲಿ ಈ ವಾಟ್ನಿಪತ್ರ ಹರಿದುಹೋಗಿದೆ. ಓದುವವನೂ ಒಂದು ಯಂತ್ರದ ಮುಂದೆ ಕುಳಿತಿದ್ದಾನೆ. ದುಡಿಯುವವನೂ ಅದೇ ಯಂತ್ರದ ಮುಂದೆ ಕುಳಿತಿದ್ದಾನೆ. ಹೊರಗಿನಿಂದ ನೋಡುವ ನನ್ನಂಥವನಿಗೆ ಯಾರು ಓದುತ್ತಿದ್ದಾರೆ, ಯಾರು ದುಡಿಯುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ.

ನಾನು ಮೂವತ್ತು ವರ್ಷಗಳಿಗೆ ಮಿಕ್ಕಿ ಕನ್ನಡ ಪಾಠ ಹೇಳಿದವನು. ನಿವೃತ್ತನಾದಾಗ ಬಂದ ಇಡಿಗಂಟಿನಲ್ಲಿ ವಿದ್ಯಾನಗರದ ನಮ್ಮ ಮನೆಯ ಮೇಲೆ ಎರಡು ಕೋಣೆ ಏರಿಸಿದೆ. ಆ ಕೋಣೆಗಳು ಕಟ್ಟಿದಂದಿನಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಶದಲ್ಲಿವೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ. ಬಾಡಿಗೆ ಏರುತ್ತದೆ, ಗೋಡೆಯ ಮೇಲಿನ ಚಿತ್ರಗಳು ಬದಲಾಗುತ್ತವೆ. ಮಾತು ಮಾತ್ರ ಒಂದೇ. ನೀರು ಬಂದಿತೆ, ಊಟವಾಯಿತೆ ಎಂದು ನಾನು ಕೇಳಿದರೆ ಉತ್ತರ ಒಂದು ಶಬ್ದದಲ್ಲಿ ಮುಗಿಯುತ್ತದೆ. ಯಾವ ಕಂಪನಿ ಬಂದಿದೆಯಂತೆ ಎಂದು ಕೇಳಿದೆನೆಂದರೆ ಅರ್ಧ ತಾಸು ನನಗೆ ಬಿಡುಗಡೆಯಿಲ್ಲ.

ಈಗಿರುವವರು ಮೂವರು. ಗದಗಿನವನೊಬ್ಬ, ಬೈಲಹೊಂಗಲದವನೊಬ್ಬ, ಇಬ್ಬರೂ ಕೊನೆಯ ವರ್ಷದಲ್ಲಿದ್ದಾರೆ. ಮೂರನೆಯವನು ರೋಣದ ಕಡೆಯವನು. ಅವನ ಓದು ಮುಗಿದು ವರ್ಷವಾಯಿತು. ಆದರೂ ಕೋಣೆ ಬಿಟ್ಟಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಇವರಲ್ಲದೆ ಕೆಳಗೆ ನಮ್ಮೊಂದಿಗೇ ಇರುವ ನನ್ನ ತಂಗಿಯ ಮೊಮ್ಮಗಳೊಬ್ಬಳಿದ್ದಾಳೆ. ಅವಳದೂ ಇದೇ ವಿದ್ಯೆ.

ಕಳೆದ ಶ್ರಾವಣದ ಒಂದು ಸಂಜೆ ಮಳೆ ಹಿಡಿದು ವಿದ್ಯುತ್ತು ಹೋಯಿತು. ವಿದ್ಯುತ್ತು ಹೋದರೆ ಹಿಂದಿನ ಕಾಲದ ವಿದ್ಯಾರ್ಥಿ ಕಂದೀಲು ಹಚ್ಚುತ್ತಿದ್ದ. ಇಂದಿನವನು ಮಹಡಿಯಿಂದ ಇಳಿದು ಬರುತ್ತಾನೆ. ಮೂವರೂ ನಮ್ಮ ಪಡಸಾಲೆಯಲ್ಲಿ ಕುಳಿತರು. ನನ್ನಾಕೆ ಗಿರಮಿಟ್ ಕಲಸಿ ತಂದಿಟ್ಟಳು. ಆ ರಾತ್ರಿ ಅಲ್ಲಿ ನಡೆದ ಚರ್ಚೆಯನ್ನು ಓದುಗರ ಮುಂದೆ ಇಡಬೇಕೆಂಬುದೇ ಈ ಬರಹದ ಮೊದಲ ಉದ್ದೇಶ. ಎರಡನೆಯ ಉದ್ದೇಶವೊಂದಿದೆ, ಅದು ನನ್ನ ಹಳೆಯ ಋಣಕ್ಕೆ ಸಂಬಂಧಿಸಿದುದು.

ಗದಗಿನ ಹುಡುಗ ದೊಡ್ಡ ಕಂಪನಿಗಳ ಪಕ್ಷದವನು. ಸಾವಿರಾರು ಜನ ದುಡಿಯುವ, ಹೆಸರು ಹೇಳಿದರೆ ಹಳ್ಳಿಯ ಕಟ್ಟೆಯ ಮೇಲೂ ತಿಳಿಯುವ ಕಂಪನಿಯಲ್ಲಿ ಸೇರಬೇಕೆಂಬುದು ಅವನ ಮತ. ‘ಸರ, ನಮ್ಮ ಅಪ್ಪಗ ತಂತ್ರಾಂಶ ಅಂದರ ಏನು ಅಂತ ಗೊತ್ತಿಲ್ಲ. ಆದರ ಆ ಕಂಪನಿ ಹೆಸರು ಗೊತ್ತೈತ್ರಿ. ಅಷ್ಟು ಸಾಕಲ್ರಿ?’ ಎಂದ.

ಬೈಲಹೊಂಗಲದವನು ಸುಮ್ಮನಿರಲಿಲ್ಲ. ಆ ದೊಡ್ಡ ಕಂಪನಿಗಳ ವ್ಯವಹಾರವೆಂಥದೆಂಬುದನ್ನು ಅವನು ನನಗೆ ಬಿಡಿಸಿ ಹೇಳಿದ. ಪರದೇಶದ ಒಂದು ಬ್ಯಾಂಕೊ ವಿಮಾ ಸಂಸ್ಥೆಯೊ ತನ್ನ ಲೆಕ್ಕಪತ್ರದ ತಂತ್ರಾಂಶವನ್ನು ಬರೆಯಲು, ಕೆಟ್ಟರೆ ತಿದ್ದಲು, ಹಗಲಿರುಳು ಕಾಯಲು ನಮ್ಮವರಿಗೆ ಗುತ್ತಿಗೆ ಕೊಡುತ್ತದೆ. ಇಷ್ಟು ಜನ, ಇಷ್ಟು ತಾಸು ಎಂದು ಬೆಲೆಯ ಎಣಿಕೆ. ತಂತ್ರಾಂಶದ ಒಡೆತನ ಅವರದು, ದುಡಿಮೆ ನಮ್ಮದು. ಅಲ್ಲಿ ಗುತ್ತಿಗೆ ಕಡಮೆಯಾದರೆ ಇಲ್ಲಿ ಜನ ಹೆಚ್ಚಾಗುತ್ತಾರೆ. ಇಂಥ ಕಂಪನಿಗಳಲ್ಲಿ ಹೊಸಬನ ಆರಂಭದ ಸಂಬಳ ಹತ್ತು ಹನ್ನೆರಡು ವರ್ಷಗಳಿಂದ ವರ್ಷಕ್ಕೆ ಮೂರೂಕಾಲು, ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಆ ಅವಧಿಯಲ್ಲಿ ಬೆಂಗಳೂರಿನ ಕೋಣೆಬಾಡಿಗೆ ನಿಂತಿಲ್ಲ. ‘ಅದಕ್ಕ ನಾ ಅಂತೀನ್ರಿ, ಮಾಡಿದರ ನಮ್ಮದ ಒಂದು ವಸ್ತು ಮಾಡಬೇಕು. ಸಣ್ಣದಿರಲಿ, ನಮ್ಮದಿರಲಿ’ ಎಂದು ಮುಗಿಸಿದ.

‘ನಿನ್ನ ವಸ್ತು ಕೊಳ್ಳಾವರು ಯಾರಪಾ?’ ಎಂದು ಗದಗಿನವನು ಕೇಳಿದ. ಬೈಲಹೊಂಗಲದವನು ಗಿರಮಿಟ್ ಕಡೆಗೆ ಗಮನ ಹರಿಸಿದ.

ನಾನು ಇಬ್ಬರಿಗೂ ಊರಿನ ಇತಿಹಾಸವನ್ನು ಸ್ವಲ್ಪ ನೆನಪಿಸಿದೆ. ಮೇಷ್ಟರ ಚಾಳಿ ಹೋಗುವುದಲ್ಲವಷ್ಟೆ! ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಎಂಜಿನಿಯರಿಂಗ್ ಕಾಲೇಜು ದೇಶ ಸ್ವತಂತ್ರವಾದ 1947ರಲ್ಲಿಯೇ ಹುಟ್ಟಿದುದು. ಭೂಮರಡ್ಡಿಯವರ ಹೆಸರು ಹೊತ್ತ ಆ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ 1960ರ ದಶಕದ ಕೊನೆಯಲ್ಲಿ ಇಡೀ ತರಗತಿಗೆ ಒಬ್ಬಳೇ ಹುಡುಗಿಯಾಗಿ ಸೇರಿದವರು ಸುಧಾ ಕುಲಕರ್ಣಿ. ಇಂದು ಸುಧಾ ಮೂರ್ತಿ ಎಂದರೆ ಎಲ್ಲರೂ ಬಲ್ಲರು. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದುವಾಗ, ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಜಾಹೀರಾತೊಂದನ್ನು ಕಂಡು ಅವರು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆಯ ಕಾರ್ಡು ಬರೆದರು. ಸಂದರ್ಶನದ ಕರೆ ಬಂದಿತು, ನೌಕರಿಯೂ ದೊರೆಯಿತು. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಇನ್ಫೋಸಿಸ್ ಆರಂಭಿಸಿದಾಗ ಅವರು ಪತಿಯ ಕೈಗಿತ್ತ ಹತ್ತು ಸಾವಿರ ರೂಪಾಯಿಯ ಕಥೆಯನ್ನು ಅವರೇ ಹೇಳಿದ್ದಾರೆ. ಇದೇ ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು ಅಮೆರಿಕೆಗೆ ಹೋಗಿ ದೂರಸಂಪರ್ಕದ ಯಂತ್ರಗಳ ಕಂಪನಿಗಳನ್ನು ಕಟ್ಟಿದರು. ಆಮೇಲೆ ತಿರುಗಿ ನೋಡಿ, ಈ ಊರಿನಲ್ಲಿ ಹೊಸ ಉದ್ಯಮಿಗಳನ್ನು ಸಾಕಿ ಸಲಹುವ ಕೇಂದ್ರವನ್ನು ನಿಲ್ಲಿಸಿದರು.

‘ಅಜ್ಜಾ, ನೀ ಹೇಳಿದವರೆಲ್ಲಾ ಊರು ಬಿಟ್ಟಮ್ಯಾಲೆ ದೊಡ್ಡವರಾದವರು’ ಎಂದಳು ಮೊಮ್ಮಗಳು.

ಮಾತು ನಿಜವಾಗಿತ್ತು. ಆದರೆ ಪೂರ್ಣ ನಿಜವಲ್ಲವೆಂದು ನನ್ನ ಬಳಿ ಒಂದು ಸಾಕ್ಷಿಯಿತ್ತು. 2005ರಲ್ಲಿ ಹುಬ್ಬಳ್ಳಿಯಲ್ಲಿ ಸಂಕಲ್ಪ ಸೆಮಿಕಂಡಕ್ಟರ್ ಎಂಬ ಸಂಸ್ಥೆ ಹುಟ್ಟಿತು. ಉಗುರಿನಗಲದ ಸಿಲಿಕಾನ್ ಚೂರಿನ ಮೇಲೆ ವಿದ್ಯುತ್ತಿನ ಹಾದಿಗಳನ್ನು ಹೇಗೆ ಹಾಯಿಸಬೇಕೆಂದು ನಕ್ಷೆ ಬರೆಯುವ ಕೆಲಸ ಅದರದು. ಇಂಥ ಸೂಕ್ಷ್ಮ ಕೆಲಸಕ್ಕೆ ಬೆಂಗಳೂರೇ ಬೇಕೆಂಬುದು ಅಂದಿನ ನಂಬಿಕೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕಾಲಿಟ್ಟಂದಿನಿಂದ ಬೆಳೆದು ಬಂದುದು. ನಮ್ಮ ಊರಿನ, ನಮ್ಮ ಸುತ್ತಲ ಹಳ್ಳಿಗಳ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಕಲಿಸಿ, ಆ ಕೆಲಸವನ್ನು ಇಲ್ಲಿಯೇ ಮಾಡಿ ತೋರಿಸಿದರು. 2019ರಲ್ಲಿ ಎಚ್.ಸಿ.ಎಲ್. ಸಂಸ್ಥೆ 180 ಕೋಟಿ ರೂಪಾಯಿ ಕೊಟ್ಟು ಅದನ್ನು ಕೊಂಡಿತು. ಮಾರಾಟವಾಯಿತಲ್ಲ ಎಂದು ಮರುಗುವವರುಂಟು. ಮಾರುವಂಥದೊಂದು ನಮ್ಮಲ್ಲಿ ಹುಟ್ಟಿತಲ್ಲ ಎಂದು ಹಿಗ್ಗುವವರ ಸಾಲಿನಲ್ಲಿ ನಾನಿದ್ದೇನೆ.

‘ಹಂತಾವು ಎಷ್ಟು ಅದಾವ್ರಿ?’ ಎಂದ ಗದಗಿನವನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿಮಾನ ನಿಲ್ದಾಣದ ಹತ್ತಿರ ಇನ್ಫೋಸಿಸ್ ಸಂಸ್ಥೆಯ ಕಟ್ಟಡಗಳು ಎದ್ದು ನಿಂತು, ಬಾಗಿಲು ತೆರೆಯದೆ ಬಹಳ ಕಾಲ ಸುಮ್ಮನಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಮದುವೆಗೆ ಹಾಕಿದ ಹಂದರದ ಕೆಳಗೆ ಮದುವಣಿಗನೇ ಬಾರದಂತಿತ್ತು ಅದು. 2022ರಲ್ಲಿ ಊರಿನ ತರುಣರೇ ಅದನ್ನು ಆರಂಭಿಸಿರೆಂದು ಅಭಿಯಾನ ಹೂಡಬೇಕಾಯಿತು. ಆ ವರ್ಷದ ಆಗಸ್ಟಿನಲ್ಲಿ ಅಲ್ಲಿ ಕೆಲಸ ಮೊದಲಾಯಿತು. ವಿದ್ಯಾಸಂಸ್ಥೆಗಳಿಗಾದರೋ ಕೊರತೆಯಿಲ್ಲ. 2015ರಲ್ಲಿ ಐ.ಐ.ಐ.ಟಿ. ಬಂದಿತು, 2016ರಲ್ಲಿ ಐ.ಐ.ಟಿ. ಬಂದಿತು, ಒಂದು ತಡಸಿನಕೊಪ್ಪದಲ್ಲಿ, ಇನ್ನೊಂದು ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ನೆಲೆ ಕಂಡಿವೆ. ಬೀಜ ಇಲ್ಲಿ ಮೊಳೆಯುತ್ತದೆ, ಬೆಳೆ ಇನ್ನೆಲ್ಲಿಯೋ ಒಕ್ಕಣೆಯಾಗುತ್ತದೆ.

ಮೊಮ್ಮಗಳು ನಕ್ಕಳು. ‘ನಮ್ಮೂರ ಸ್ಟೇಶನ್ನಿನ ಪ್ಲಾಟ್‌ಫಾರ್ಮು ಜಗತ್ತಿನಾಗ ಎಲ್ಲಾಕಿಂತ ಉದ್ದ ಯಾಕದ ಗೊತ್ತೇನಜ್ಜಾ? ರವಿವಾರ ರಾತ್ರಿ ಊರು ಬಿಟ್ಟು ಹೋಗಾವರು ಅಷ್ಟೂ ಮಂದಿ ಅದರ ಮ್ಯಾಲೆ ಹಿಡಸಬೇಕಲ್ಲ!’

2023ರಲ್ಲಿ ಉದ್ಘಾಟನೆಯಾದ ಆ 1,507 ಮೀಟರಿನ ಕಟ್ಟೆಯ ಮೇಲೆ ರವಿವಾರ ರಾತ್ರಿ ನಿಂತವರಿಗೆ ಈ ವಿನೋದದ ಅರ್ಥವಾದೀತು. ಬೆಂಗಳೂರಿನ ಗಾಡಿಗೆ ಕಾಯುವ ತರುಣ ತರುಣಿಯರು. ಬೆನ್ನಿಗೆ ಕರಿಯ ಚೀಲ, ಅದರೊಳಗೆ ಯಂತ್ರ. ಕೈಯಲ್ಲಿ ಇನ್ನೊಂದು ಚೀಲ, ಅದರೊಳಗೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾಚಟ್ನಿ.

‘ಹಂಗಾದರ ನೀ ಇಲ್ಲೇ ಇರಾಕಿ ಏನು?’ ಎಂದು ನಾನು ಕೇಳಿದೆ. ಅವಳು ಗಂಭೀರಳಾದಳು. ‘ಇಲ್ಲೇ ನೌಕರಿ ಸಿಕ್ಕರ ಇಲ್ಲೇ ಒಬ್ಬ ವರನ್ನೂ ಹುಡುಕತೀರಿ. ಬೆಂಗಳೂರಿಗೆ ಹೋದರ ಎರಡು ವರ್ಷ ಯಾರೂ ಕೇಳೂದಿಲ್ಲ. ನನಗ ಆ ಎರಡು ವರ್ಷ ಬೇಕಜ್ಜಾ.’ ಕೈಯಲ್ಲಿ ಗಿರಮಿಟ್ಟಿನ ತಟ್ಟೆ ಹಿಡಿದಿದ್ದ ನನ್ನಾಕೆ ಆ ಹುಡುಗಿಯನ್ನು ಬಹಳ ಹೊತ್ತು ನೋಡಿದಳು, ಏನೂ ಅನ್ನಲಿಲ್ಲ. ಊರಿಗೆ ಉದ್ಯೋಗ ಬರಬೇಕೆಂದು ಸಭೆಗಳಲ್ಲಿ ಮಾತನಾಡುವ ನಾವು ಗಂಡಸರು ಈ ಕಡೆಯಿಂದ ಎಂದೂ ಯೋಚಿಸಿದವರಲ್ಲ.

ಆಮೇಲೆ ಮಾತು ಕೃತಕ ಬುದ್ಧಿಮತ್ತೆಯ ಕಡೆಗೆ ಹೊರಳಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗ ಇವರೆಲ್ಲ ಆಟಕ್ಕೆಂದು ಅದರ ಕೈಯಲ್ಲಿ ಕನ್ನಡ ಪದ್ಯ ಬರೆಯಿಸಿ ನನಗೆ ತೋರಿಸಿ ನಕ್ಕಿದ್ದರು. ಈಗ ನಗುತ್ತಿಲ್ಲ. ಹೊಸಬರಿಗೆ ಕೊಡುತ್ತಿದ್ದ ಮೊದಲ ಮೆಟ್ಟಿಲಿನ ಕೆಲಸವನ್ನೇ ಆ ಯಂತ್ರ ಮಾಡುತ್ತಿದೆಯಂತೆ: ಚಿಕ್ಕ ಚಿಕ್ಕ ತಂತ್ರಾಂಶ ಬರೆಯುವುದು, ಬರೆದುದರಲ್ಲಿ ತಪ್ಪು ಹುಡುಕುವುದು. ಮೊದಲ ಮೆಟ್ಟಿಲನ್ನೇ ಕಿತ್ತರೆ ಎರಡನೆಯದನ್ನು ಹತ್ತುವವರು ಎಲ್ಲಿಂದ ಬರುತ್ತಾರೆ? 2025ರ ಜುಲೈನಲ್ಲಿ ಟಿ.ಸಿ.ಎಸ್. ತನ್ನ ಸಿಬ್ಬಂದಿಯಲ್ಲಿ ನೂರಕ್ಕೆ ಎರಡರಷ್ಟು, ಎಂದರೆ ಸುಮಾರು 12,000 ಜನರನ್ನು ಕಡಮೆ ಮಾಡುವುದಾಗಿ ಸಾರಿದ ದಿನ ನಮ್ಮ ಮಹಡಿಯಲ್ಲಿ ರೇಡಿಯೊ ಕೂಡ ಹಾಡಿರಲಿಲ್ಲ. ಆ ಕಂಪನಿ ಕೊಟ್ಟ ಕಾರಣ ಬೇರೆ, ಹುಡುಗರು ಊಹಿಸಿದ ಕಾರಣ ಬೇರೆ. ಅಂಜಿಕೆ ಮಾತ್ರ ಒಂದೇ.

ನನಗೆ ನಮ್ಮ ಕಾಲದ ಟೈಪಿಂಗ್ ಕ್ಲಾಸುಗಳು ನೆನಪಾದವು. ಹುಬ್ಬಳ್ಳಿಯ ಗಲ್ಲಿಗಳಲ್ಲಿ ಮುಂಜಾನೆ ಆರಕ್ಕೇ ಟಕಟಕ ಎಂದು ಆರಂಭವಾಗುತ್ತಿದ್ದ ಆ ಸದ್ದಿನಲ್ಲಿ ಎಷ್ಟು ಮನೆಗಳ ಆಸೆ ಇತ್ತು! ಶೀಘ್ರಲಿಪಿ ಕಲಿತವನಿಗೆ ನೌಕರಿ ತಪ್ಪದೆಂಬುದು ವೇದವಾಕ್ಯವಾಗಿತ್ತು. ಕಂಪ್ಯೂಟರು ಬಂದು ಆ ಸದ್ದನ್ನು ನುಂಗಿತು. ಈಗ ಕಂಪ್ಯೂಟರನ್ನು ನುಡಿಸಬಲ್ಲವರ ಸರದಿ. ಹೀಗೆಂದು ನಾನು ಸಮಾಧಾನ ಹೇಳಹೋದರೆ, ರೋಣದ ಹುಡುಗ ಮೊದಲ ಬಾರಿಗೆ ಬಾಯಿ ತೆರೆದ: ‘ಆ ಟೈಪಿಂಗ್ ಕಲತಾವರು ಮುಂದ ಏನ್ ಮಾಡಿದ್ರು ಸರ?’

ಪ್ರಶ್ನೆ ಸರಳವಾಗಿತ್ತು. ಇತಿಹಾಸದಲ್ಲಿ ಬದಲಾವಣೆಯ ಕಥೆ ಬರುತ್ತದೆ. ಬದಲಾದ ದಿನ ಮೂವತ್ತು ವರ್ಷದವನಾಗಿದ್ದವನು ಮರುದಿನ ಎಲ್ಲಿಗೆ ಹೋದನೆಂಬುದು ಬರುವುದಿಲ್ಲ. ಅಷ್ಟರಲ್ಲಿ ವಿದ್ಯುತ್ತು ಬಂದಿತು. ಇಬ್ಬರು ಮೇಲೆ ಹೋದರು. ರೋಣದವನು ಹೋಗಲಿಲ್ಲ.

ಅವನ ಕಥೆ ಇಷ್ಟು. ಕೊನೆಯ ವರ್ಷದಲ್ಲಿದ್ದಾಗಲೇ ದೊಡ್ಡದೊಂದು ಕಂಪನಿ ಅವನನ್ನು ಆಯ್ದುಕೊಂಡಿತ್ತು. ಆಯ್ಕೆಪತ್ರ ಬಂದ ದಿನ ಅವನ ತಂದೆ ಊರಲ್ಲಿ ಪೇಢೆ ಹಂಚಿದರು. ತಾಯಿ ಆ ಪತ್ರದ ಪ್ರತಿಯನ್ನು ದೇವರ ಜಗಲಿಯ ಮೇಲೆ ಇಟ್ಟರು. ಕೆಲಸಕ್ಕೆ ಹಾಜರಾಗುವ ದಿನ ಮೊದಲು ಮೂರು ತಿಂಗಳು ಮುಂದೆ ಹೋಯಿತು, ಮತ್ತೆ ಮೂರು ತಿಂಗಳು ಹೋಯಿತು, ಆಮೇಲೆ ಉತ್ತರವೇ ನಿಂತಿತು. ಇದು ಅವನೊಬ್ಬನ ಪಾಡಲ್ಲ. ವಿದ್ಯಾರ್ಥಿಗಳನ್ನು ಒಂದು ವರ್ಷ ಮೊದಲೇ ಆಯ್ದಿಡುವ ಪದ್ಧತಿಯಲ್ಲಿ ಮುಂದಿನ ವರ್ಷದ ಗುತ್ತಿಗೆಯನ್ನು ಇಂದೇ ಊಹಿಸಬೇಕಾಗುತ್ತದೆ. ಕರೋನಾದ ಬೆನ್ನಿಗೆ 2021 ಮತ್ತು 2022ರಲ್ಲಿ ಪರದೇಶದ ಕೆಲಸ ಉಕ್ಕಿ ಬಂದು ಕಂಪನಿಗಳು ಕೈಗೆ ಸಿಕ್ಕವರನ್ನೆಲ್ಲ ಆರಿಸಿಕೊಂಡವು. 2023ರ ಹೊತ್ತಿಗೆ ಉಬ್ಬರ ಇಳಿದು, ಪತ್ರ ಹಿಡಿದ ಸಾವಿರಾರು ಜನ ದೇಶದ ತುಂಬ ಕಾಯುತ್ತ ಕುಳಿತರು. ಅಂದಿನಿಂದ ಈ ಕಾಯುವಿಕೆ ಒಂದು ರೂಢಿಯೇ ಆದಂತಿದೆ. ಊರಿಗೆ ಹೋದರೆ ಯಾವಾಗ ಹೋಗುವಿ ಎಂದು ಕೇಳುತ್ತಾರೆಂದು ಹುಡುಗ ನಮ್ಮ ಮಹಡಿಯಲ್ಲೇ ಉಳಿದಿದ್ದ.

‘ಸರ, ಒಂದು ಮಾತು ಕೇಳಬೇಕಾಗಿತ್ತು. ಬೆಂಗಳೂರಾಗ ಒಂದು ತರಬೇತಿ ಐತ್ರಿ. ಆರು ತಿಂಗಳು. ಒಂದೂವರೆ ಲಕ್ಷ. ಮುಗಿಸಿದರ ನೌಕರಿ ಗ್ಯಾರಂಟಿ ಅಂತಾರ. ಅಪ್ಪ ಒಂದೆಕರೆ ಹೊಲ ತಗೀತೀನಿ ಅಂತ ಕುಂತಾನ. ಇಲ್ಲೇ ಹುಬ್ಬಳ್ಳ್ಯಾಗ ಒಂದು ಸಣ್ಣ ಕಂಪನ್ಯಾಗ ಕರದಾರ್ರಿ, ತಂತ್ರಾಂಶದ ತಪ್ಪು ಹುಡುಕೂ ಕೆಲಸ. ತಿಂಗಳಿಗೆ ಹದಿನೈದು ಸಾವಿರ. ಊರಾಗ ಏನಂತ ಹೇಳಲಿ? ನೀವು ಹಿರಿಯಾರು, ನೀವ ಹೇಳ್ರಿ ಸರ.’

ನೀವೇ ಹೇಳಿರಿ ಎಂಬ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಅದು 2000ದ ಬೇಸಗೆ. ಗಣಕಗಳ ಇಸವಿಯ ಲೆಕ್ಕ ತಪ್ಪೀತೆಂದು ಜಗತ್ತೆಲ್ಲ ಹೆದರಿ, ಅದನ್ನು ತಿದ್ದಲು ನಮ್ಮವರನ್ನು ಕರೆಕರೆದು ಒಯ್ದಿದ್ದ ಕಾಲ. ಪತ್ರಿಕೆ ತೆರೆದರೆ ಕಂಪ್ಯೂಟರು, ಮದುವೆಯ ಮಾತೆತ್ತಿದರೆ ಕಂಪ್ಯೂಟರು. ನನ್ನ ವಿದ್ಯಾರ್ಥಿಯೊಬ್ಬನಿದ್ದ, ನವಲಗುಂದ ತಾಲೂಕಿನವನು. ಪದವಿ ಆಗಷ್ಟೇ ಮುಗಿದಿತ್ತು. ಅವನ ಕನ್ನಡ ಬರಹ ಎಷ್ಟು ಶುದ್ಧವಾಗಿತ್ತೆಂದರೆ ಉತ್ತರಪತ್ರಿಕೆಗಳ ರಾಶಿಯಲ್ಲಿ ಅವನದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ, ಊಟದ ಕೊನೆಗೆ ಮಜ್ಜಿಗೆಯನ್ನ ಇಟ್ಟುಕೊಂಡಂತೆ. ಅವನು ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಮುಂದೆ ಕನ್ನಡ ಎಂ.ಎ. ಮಾಡಲೇ, ಬೆಂಗಳೂರಿಗೆ ಹೋಗಿ ಕಂಪ್ಯೂಟರು ಕಲಿಯಲೇ ಎಂಬುದು ಪ್ರಶ್ನೆ. ತಂದೆ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು, ‘ನೀವ ಹೇಳ್ರಿ ಸರ’ ಎಂದರು. ನಾನು ಹೇಳಿದೆ. ಕಾಲ ಬದಲಾಗಿದೆ, ಕನ್ನಡ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಹೊಟ್ಟೆಯ ದಾರಿ ನೋಡಲಿ ಎಂದೆ. ಹೇಳುವಾಗ ನನಗೆ ನನ್ನ ದೂರದೃಷ್ಟಿಯ ಬಗೆಗೆ ಸಂತೋಷವೂ ಆಗಿತ್ತೆಂಬುದನ್ನು ಮುಚ್ಚಿಡಲಾರೆ. ಶುಲ್ಕವೆಷ್ಟು, ಹಣವೆಲ್ಲಿಂದ ಎಂದು ನಾನು ಕೇಳಲಿಲ್ಲ. ಇದ್ದ ನಾಲ್ಕೆಕರೆ ಎರೆಭೂಮಿಯಲ್ಲಿ ಎರಡೆಕರೆಯನ್ನು ಅವರು ಮಾರಿದರೆಂದು ತಿಳಿದದ್ದು ಮಾರಿದ ಮೇಲೆ. 2001ರಲ್ಲಿ ಅಮೆರಿಕೆಯ ಕಂಪನಿಗಳು ಕುಸಿದವು. ಇಲ್ಲಿ ಹೊಸಬರನ್ನು ಕೇಳುವವರಿಲ್ಲವಾಯಿತು. ತರಬೇತಿ ಕೊಟ್ಟ ಶಾಲೆಯೂ ಬಾಗಿಲು ಹಾಕಿತು. ಹುಡುಗ ಮರುವರ್ಷ ಹುಬ್ಬಳ್ಳಿಗೆ ಹಿಂತಿರುಗಿದ.

ಇಷ್ಟನ್ನೂ ನಾನು ರೋಣದ ಹುಡುಗನಿಗೆ ಹೇಳಿದೆ. ‘ಅದಕ್ಕೇ ನಾನು ಏನೂ ಹೇಳಲಾರೆ ತಮ್ಮಾ. ನಾಳೆ ನನ್ನ ಜೊತೆ ಬಾ. ಹೇಳಲು ಅಧಿಕಾರವಿದ್ದವನೊಬ್ಬನಿದ್ದಾನೆ’ ಎಂದೆ.

ಆ ನನ್ನ ವಿದ್ಯಾರ್ಥಿಗೆ ಈಗ ನಲವತ್ತಾರು. ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ ಅವನದು ಝೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರು, ಒಂದು ಮುದ್ರಣಯಂತ್ರ, ಗೋಡೆಗೆ ಸಿದ್ಧಾರೂಢರ ಪಟ. ಸಿ.ಇ.ಟಿ.ಯ ಕಾಲದಲ್ಲಿ ಅಲ್ಲಿ ಹುಡುಗರ ಸಾಲು ಹಚ್ಚಿರುತ್ತದೆ. ಈ ಊರಿನ ಎಷ್ಟೋ ಎಂಜಿನಿಯರುಗಳ ಮೊದಲ ಅರ್ಜಿಯನ್ನು ತುಂಬಿದ ಕೈ ಅವನದು. ಉಳಿದ ದಿನಗಳಲ್ಲಿ ಬರುವವರು ಹೆಚ್ಚಾಗಿ ರೈತರು. ಅವರಿಗೆ ಬೇಕಾದದ್ದು ಉತಾರ.

ಉತಾರದ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಹೊಲ ಯಾರದು, ಎಷ್ಟು, ಏನು ಬೆಳೆ, ಎಷ್ಟು ಸಾಲ ಎಂಬುದನ್ನು ಹೇಳುವ ಈ ಕಾಗದ ಒಂದು ಕಾಲಕ್ಕೆ ತಲಾಠಿಯ ಚೀಲದಲ್ಲಿರುತ್ತಿತ್ತು. ತಲಾಠಿ ಸಿಕ್ಕಾಗ ಉತಾರ, ಅವನ ಮನಸ್ಸು ಬಂದಾಗ ಉತಾರ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರಕಾರ ಭೂಮಿ ಎಂಬ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೇರಿಸಿತು. ಇಂದು ಸರ್ವೆ ನಂಬರು ಗೊತ್ತಿದ್ದವನು ಎಲ್ಲಿ ಕುಳಿತಾದರೂ ಅದನ್ನು ತೆಗೆಯಬಹುದು. ತಂತ್ರಾಂಶವೆಂದರೆ ಬೆಂಗಳೂರು, ಅಮೆರಿಕೆ, ಸಂಬಳ ಎಂದಷ್ಟೇ ಎಣಿಸುವ ನಮಗೆ, ನಮ್ಮ ನಾಡಿನ ರೈತನ ಕೈಗೆ ತಂತ್ರಾಂಶ ಕೊಟ್ಟ ಮೊದಲ ವಸ್ತು ಈ ಒಂದು ಹಾಳೆಯೆಂಬುದು ನೆನಪಾಗುವುದಿಲ್ಲ.

ನಾವು ಹೋದಾಗ ಅಂಗಡಿಯಲ್ಲಿ ಜನವಿರಲಿಲ್ಲ. ಅವನು ಎದ್ದು ನಿಂತು, ‘ಬರ್ರಿ ಸರ’ ಎಂದು ತನ್ನ ಕುರ್ಚಿಯನ್ನೇ ಕೊಟ್ಟ. ಹುಡುಗನ ವೃತ್ತಾಂತವನ್ನು ನಾನು ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿ, ‘ನೌಕರಿ ಗ್ಯಾರಂಟಿ ಅಂತ ಬರದು ಕೊಟ್ಟಾರೇನು?’ ಎಂದ.

‘ಇಲ್ರಿ. ಬಾಯಿಲೆ ಹೇಳ್ಯಾರ.’

‘ನನಗೂ ಬಾಯಿಲೆನ ಹೇಳಿದ್ರು.’

ಆಮೇಲೆ ನನ್ನ ಕಡೆ ತಿರುಗಿದ. ಇಪ್ಪತ್ತೈದು ವರ್ಷಗಳಲ್ಲಿ ನಾವು ಆ ವಿಷಯವನ್ನು ಎಂದೂ ಎತ್ತಿರಲಿಲ್ಲ. ‘ಸರ, ನೀವು ಹೇಳಿದ್ದು ತಪ್ಪಲ್ರಿ. ಕಲತದ್ದು ಹಾಳಾಗಲಿಲ್ಲ, ಅದರ ಮ್ಯಾಲೆನ ಈ ಅಂಗಡಿ ನಿಂತೈತಿ, ಇಬ್ಬರು ಮಕ್ಕಳು ಸಾಲಿಗೆ ಹೊಂಟಾರ. ಆದರ ಹೊಲ ಮಾರಬಾರದಾಗಿತ್ತು. ಕಲಿಯೂದಕ್ಕ ಹೊಲ ಬೇಕಾಗಿದ್ದಿಲ್ಲ. ಆಸೆಗೆ ಬೇಕಾಗಿತ್ತು.’

ಇದನ್ನು ಅವನು ಕ್ಷಮೆಯೆಂದು ಹೇಳಿದನೊ ಲೆಕ್ಕವೆಂದು ಹೇಳಿದನೊ ತಿಳಿಯದು. ನನ್ನ ಎದೆಯ ಭಾರವೇನೂ ಇಳಿಯಲಿಲ್ಲ. ಅವನು ಕಂಪ್ಯೂಟರಿನ ಕಡೆ ತಿರುಗಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಂದು ಒಂದೊಂದಾಗಿ ಒತ್ತಿದ. ಸರ್ವೆ ನಂಬರನ್ನು ಯಾವ ಕಾಗದವನ್ನೂ ನೋಡದೆ ಹಾಕಿದ. ತೆರೆಯ ಮೇಲೆ ಉತಾರ ಮೂಡಿತು. ಹುಡುಗನನ್ನು ಹತ್ತಿರ ಕರೆದು ಹೆಸರಿನ ಸಾಲಿನ ಮೇಲೆ ಬೆರಳಿಟ್ಟ.

‘ಇದು ನಮ್ಮ ಹೊಲ. ಇದು ನಮ್ಮ ಹೆಸರಲ್ಲ. ವರ್ಷಕ್ಕ ಒಮ್ಮೆ ತಗದು ನೋಡತೀನಿ. ಈ ವರ್ಷ ಹೆಸರು ಹಾಕ್ಯಾರ.’

ಹೆಸರು ಎಂದರೆ ಹೆಸರಿನ ಬೆಳೆ. ಮುಂಗಾರಿಗೆ ಎರೆಯಲ್ಲಿ ಹೆಸರು, ಹಿಂಗಾರಿಗೆ ಕಡಲೆ. ಎರಡೂ ಅರ್ಥವನ್ನು ಅವನು ಗಮನಿಸಿರಲಿಲ್ಲ. ಕನ್ನಡ ಮೇಷ್ಟರಾದ ನನಗೆ ಗಮನಕ್ಕೆ ಬಂದಿತು, ಬಾರದಿದ್ದರೆ ಚೆನ್ನಾಗಿತ್ತು. ಹುಡುಗ ತೆರೆಯನ್ನು ನೋಡುತ್ತ ನಿಂತ. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡಿನ ಪ್ರತಿ ಬೇಕೆಂದು ಬಂದರು. ಅಂಗಡಿಯವನು ಆ ಕಡೆ ಹೋದ.

ಚಿಗರಿ ಬಸ್ಸಿನಲ್ಲಿ ಹಿಂತಿರುಗುವಾಗ ನಾವಿಬ್ಬರೂ ಮಾತನಾಡಲಿಲ್ಲ. ಆ ರಾತ್ರಿ ಮಹಡಿಯ ಮೆಟ್ಟಿಲ ಮೇಲೆ ಕುಳಿತು ಅವನು ತಂದೆಯ ಕೂಡ ಬಹಳ ಹೊತ್ತು ಫೋನಿನಲ್ಲಿ ಮಾತನಾಡಿದ. ನಾನು ಕದ್ದು ಕೇಳಿದೆನೆಂದು ಓದುಗರು ತಿಳಿಯಬಾರದು. ಆದರೆ ನಮ್ಮ ಮಲಗುವ ಕೋಣೆಯ ಕಿಟಕಿ ಮೆಟ್ಟಿಲ ಕಡೆಗಿದೆ. ‘ಹೊಲಕ್ಕ ಕೈ ಹಚ್ಚಬ್ಯಾಡಪಾ’ ಎಂಬುದೊಂದು ಮಾತು ಮೂರು ಸಲ ಕೇಳಿಸಿತು. ಆ ಕಡೆಯಿಂದ ಏನು ಬಂದಿತೊ ತಿಳಿಯದು. ಕೊನೆಗೆ, ‘ಹದಿನೈದು ಸಾವಿರ ಅಂತ ಹೇಳಬ್ಯಾಡ, ನೌಕರಿ ಹತ್ತೈತಿ ಅಂತಷ್ಟ ಹೇಳು’ ಎಂದ.

ನಮ್ಮ ತಂದೆ ರೇಲ್ವೆ ವರ್ಕಶಾಪಿನಲ್ಲಿ ಫಿಟ್ಟರರಾಗಿದ್ದರು. ಅವರ ಸಂಬಳವೆಷ್ಟೆಂದು ನಮಗಾರಿಗೂ ತಿಳಿದಿರಲಿಲ್ಲ. ಭೋಂಗಾ ಆಗುವ ಮೊದಲು ಸೈಕಲ್ಲಿಗೆ ಬುತ್ತಿಯ ಡಬ್ಬಿ ಸಿಕ್ಕಿಸಿಕೊಂಡು ಹೋಗುತ್ತಿದ್ದರೆಂಬುದಷ್ಟೇ ತಿಳಿದಿತ್ತು. ಅವರ ಕೈಯ ಗ್ರೀಸಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾನು ಆ ಕೆಲಸಕ್ಕೆ ಹೋಗಬಾರದೆಂಬುದು ಅವರ ಹಟ. ಆ ಹಟದಿಂದಲೇ ನಾನು ಮೇಷ್ಟರಾದೆ. ಮಕ್ಕಳು ತಮಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಲಿ ಎಂದು ತಂದೆಯರು ತಮ್ಮ ಕಾಲ ಕೆಳಗಿನ ನೆಲವನ್ನು ಕಿತ್ತು ಕೊಡುತ್ತಾರೆ. ಕೊಡುವವರಿಗೆ ಅದು ತ್ಯಾಗವೆನಿಸುವುದಿಲ್ಲ. ಪಡೆದವನಿಗೆ ಮಾತ್ರ ಮೆಟ್ಟಿಲು ಸಿಗದಿದ್ದರೆ ನಿಲ್ಲಲು ನೆಲವೂ ಇರುವುದಿಲ್ಲ.

ನಮ್ಮ ಪಡಸಾಲೆಯ ಚರ್ಚೆ ಇನ್ನೂ ಮುಗಿದಿಲ್ಲ. ಗದಗಿನವನು ದೊಡ್ಡ ಕಂಪನಿಯೊಂದರ ಪರೀಕ್ಷೆ ಬರೆದು ಬಂದಿದ್ದಾನೆ. ಬೈಲಹೊಂಗಲದವನು ಜೋಳ ಮಾರುವ ರೈತರಿಗೂ ಕೊಳ್ಳುವ ಅಂಗಡಿಗಳಿಗೂ ನಡುವೆ ಏನೋ ಒಂದು ತಂತ್ರಾಂಶ ಕಟ್ಟುತ್ತಿದ್ದಾನೆ. ಕೊಳ್ಳುವವರು ಯಾರೆಂಬ ಪ್ರಶ್ನೆಗೆ ಈಗಲೂ ತಟ್ಟೆಯ ಕಡೆ ನೋಡುತ್ತಾನೆ. ಮೊಮ್ಮಗಳ ಎರಡು ವರ್ಷದ ಮಾತನ್ನು ನನ್ನಾಕೆ ನನ್ನ ತಂಗಿಗೆ ಫೋನು ಮಾಡಿ ಹೇಳಿದ್ದಾಳೆ. ಏನೆಂದು ಹೇಳಿದಳೆಂಬುದನ್ನು ನನಗೆ ಹೇಳಿಲ್ಲ.

ರೋಣದ ಹುಡುಗ ದಿನವೂ ಎಂಟೂವರೆಗೆ ಮಹಡಿಯಿಂದ ಇಳಿಯುತ್ತಾನೆ. ಮೊದಲ ತಿಂಗಳ ಸಂಬಳದಲ್ಲಿ ನಮಗೆ ಅರ್ಧ ಕಿಲೊ ಪೇಢೆ ತಂದುಕೊಟ್ಟ. ಇನ್ನರ್ಧ ಕಿಲೊ ಎಲ್ಲಿಗೆ ಎಂದು ಕೇಳಿದರೆ ಝೆರಾಕ್ಸ್ ಅಂಗಡಿಗೆ ಎಂದ. ದೊಡ್ಡ ಕಂಪನಿಯ ಕರೆ ಇನ್ನೂ ಬಂದಿಲ್ಲ. ಆ ಪತ್ರ ಅವನ ಊರಿನಲ್ಲಿ ದೇವರ ಜಗಲಿಯ ಮೇಲೆ ಇದೆಯಂತೆ. ಕರೆ ಬಂದರೆ ಹೋಗುವಿಯಾ ಎಂದು ನಾನು ಅವನನ್ನು ಕೇಳಿಲ್ಲ.